ನಿಮಗಿದು ಗೊತ್ತೇ? ಕಂಬದ ಮೇಲೊಂದು ಡಿಶ್, ಊರಿಗೆಲ್ಲ ನೆಟ್

ಕೇಬಲ್ ಎಳೆಯುವುದು ಕಷ್ಟ ಅಥವಾ ದುಬಾರಿ ಅನ್ನಿಸುವ ಕಡೆ, ತಾರಸಿಯಿಂದ ತಾರಸಿಗೆ, ಗುಡ್ಡದಿಂದ ಗುಡ್ಡಕ್ಕೆ ರೇಡಿಯೊ ಅಲೆಯಲ್ಲೇ ಇಂಟರ್ನೆಟ್ ದಾಟಿಸುವ ಸಣ್ಣ ಕಂಪನಿಗಳು ಜಗತ್ತಿನ ಎಲ್ಲ ಕಡೆ ಇವೆ. ನಾಲ್ಕೈದು ಜನ, ಒಂದು ಏಣಿ, ಒಂದು ಗಾಡಿ. ಹೊರಗಿನವರಿಗೆ ಇದು ಕಂಪ್ಯೂಟರ್ ಕಸುಬು. ಒಳಹೊಕ್ಕು ನೋಡಿದರೆ ಮರ, ಸಿಡಿಲು, ಬ್ಯಾಟರಿ, ನೆರೆಮನೆಯವರು ಇವುಗಳದ್ದೇ ಕಾರುಬಾರು. ಕೆಲವು ಸಂಗತಿಗಳು ಇಲ್ಲಿವೆ.

◆ ಗಾಳಿಯಲ್ಲಿ ಡೇಟಾ ಕಳಿಸುವ ಈ ಸಾಹಸ ಶುರುವಾದದ್ದು ದ್ವೀಪಗಳಲ್ಲಿ. ಹವಾಯಿ ವಿಶ್ವವಿದ್ಯಾಲಯದ ಕ್ಯಾಂಪಸ್‌ಗಳು ಬೇರೆ ಬೇರೆ ದ್ವೀಪಗಳಲ್ಲಿದ್ದವು, ನಡುವೆ ಸಮುದ್ರ. ನಾರ್ಮನ್ ಏಬ್ರಮ್‌ಸನ್ ತಂಡ 1971ರಲ್ಲಿ ಅಲೋಹಾನೆಟ್ ಕಟ್ಟಿ, ಸೆಕೆಂಡಿಗೆ 9600 ಬಿಟ್ ವೇಗದಲ್ಲಿ ಅವನ್ನು ಬೆಸೆಯಿತು. ಏಬ್ರಮ್‌ಸನ್ ಹವಾಯಿಗೆ ಹೋಗಿ ನೆಲೆಸಲು ಒಂದು ಕಾರಣ ಅಲೆಗಳ ಮೇಲೆ ಹಲಗೆ ಸವಾರಿ ಮಾಡುವ ಹುಚ್ಚು. ಯಾವ ಅಲೆಯಾದರೇನು!

◆ ಆ ಜಾಲದಲ್ಲಿ ಸರದಿ ಎಂಬುದೇ ಇರಲಿಲ್ಲ. ಯಾರು ಯಾವಾಗ ಬೇಕಾದರೂ ಮಾತಾಡಬಹುದು, ಇಬ್ಬರ ಮಾತು ಡಿಕ್ಕಿ ಹೊಡೆದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೇಳಬೇಕು. ಲೆಕ್ಕ ಹಾಕಿದರೆ ಚಾನೆಲ್ಲಿನ ಸಾಮರ್ಥ್ಯದಲ್ಲಿ ಕೈಗೆ ಸಿಗುವುದು ಹೆಚ್ಚೆಂದರೆ ಶೇ. 18. ಈ ಗದ್ದಲದಿಂದ ಪಾಠ ಕಲಿತೇ ಮುಂದೆ ಕಂಪ್ಯೂಟರುಗಳನ್ನು ಕೇಬಲ್ಲಿನಲ್ಲಿ ಬೆಸೆಯುವ ಈಥರ್ನೆಟ್ ಹುಟ್ಟಿತು.

◆ ವೈಫೈ ಓಡಾಡುವ 2.4 ಗಿಗಾಹರ್ಟ್ಸ್ ತರಂಗಪಟ್ಟಿ ಮೊದಲಿಗೆ ಯಾರಿಗೂ ಬೇಡವಾಗಿದ್ದ ಹಿತ್ತಲು. ಕೈಗಾರಿಕೆ, ವೈದ್ಯಕೀಯ ಉಪಕರಣಗಳಿಗೆಂದು ಬಿಟ್ಟುಕೊಟ್ಟಿದ್ದ ಅದರಲ್ಲಿ ಮೈಕ್ರೊವೇವ್ ಒಲೆಗಳೂ ಸದ್ದು ಮಾಡುತ್ತಿದ್ದವು. 1985ರಲ್ಲಿ ಅಮೆರಿಕದ ಸಂವಹನ ಆಯೋಗ 'ಲೈಸೆನ್ಸ್ ಬೇಡ, ಕಡಿಮೆ ಶಕ್ತಿಯಲ್ಲಿ ಹಂಚಿಕೊಂಡು ಬಳಸಿ' ಎಂದು ಅದನ್ನು ಬಿಡುಬೀಸಾಗಿ ತೆರೆಯಿತು. ಹರಾಜಿನಲ್ಲಿ ಕೋಟಿಗಟ್ಟಲೆ ಸುರಿಯಲಾಗದ ಬಡಪಾಯಿಗಳ ಕಸುಬಿಗೆ ಬಾಗಿಲು ತೆರೆದದ್ದೇ ಆಗ.

◆ ಭಾರತದಲ್ಲಿ ಆ ಬಾಗಿಲು ಕಂತುಕಂತಾಗಿ ತೆರೆಯಿತು. 2.4 ಗಿಗಾಹರ್ಟ್ಸ್ ಪಟ್ಟಿಗೆ 2005ರಲ್ಲಿ, 5.8ರ ಒಂದು ತುಣುಕಿಗೆ 2007ರಲ್ಲಿ, 5 ಗಿಗಾಹರ್ಟ್ಸ್‌ನ ದೊಡ್ಡ ಭಾಗಕ್ಕೆ 2018ರ ಅಕ್ಟೋಬರ್‌ನಲ್ಲಿ ಲೈಸೆನ್ಸ್ ವಿನಾಯಿತಿ ಸಿಕ್ಕಿತು. ಅಧಿಸೂಚನೆಯಲ್ಲಿ ಒಂದು ಕೊಕ್ಕೆಯೂ ಇದೆ: ನೀವು ಯಾರಿಗೂ ತೊಂದರೆ ಕೊಡಬಾರದು, ನಿಮಗೆ ತೊಂದರೆಯಾದರೆ ರಕ್ಷಣೆ ಕೇಳಬಾರದು. ಪಕ್ಕದ ತಾರಸಿಯವನು ನಿಮ್ಮದೇ ಚಾನೆಲ್ಲಿಗೆ ಡಿಶ್ ತಿರುಗಿಸಿದರೆ ಪೊಲೀಸ್ ಠಾಣೆಗೆ ಹೋಗಿ ಪ್ರಯೋಜನವಿಲ್ಲ. ಹೋಗಿ ಕಾಫಿ ಕುಡಿಸಿ ಮಾತಾಡಬೇಕು.

◆ ತರಂಗ ಪುಕ್ಕಟೆ, ವ್ಯಾಪಾರ ಪುಕ್ಕಟೆಯಲ್ಲ. ಮನೆಗೆ ತೆಗೆದುಕೊಂಡ ಬ್ರಾಡ್‌ಬ್ಯಾಂಡನ್ನು ಓಣಿಗೆಲ್ಲ ಹಂಚಿ ದುಡ್ಡು ವಸೂಲಿ ಮಾಡಿದರೆ ಅದು ಅಪರಾಧ. ಇಂಟರ್ನೆಟ್ ಮಾರಲು ದೂರಸಂಪರ್ಕ ಇಲಾಖೆಯ ಅನುಮತಿ ಬೇಕು, ಅದರಲ್ಲಿ ಮೂರು ದರ್ಜೆ ರೂಢಿಯಲ್ಲಿವೆ. 'ಎ' ಎಂದರೆ ಇಡೀ ದೇಶ, 'ಬಿ' ಎಂದರೆ ರಾಜ್ಯದಷ್ಟು ದೊಡ್ಡ ಟೆಲಿಕಾಂ ವಲಯ, 'ಸಿ' ಎಂದರೆ ಹೆಚ್ಚುಕಡಿಮೆ ಒಂದು ಜಿಲ್ಲೆ. ಅದೂ ಭಾರವೆನಿಸಿದವರು ಲೈಸೆನ್ಸ್ ಇರುವ ಕಂಪನಿಯೊಂದರ ಪಾಲುದಾರರಾಗಿ, ಆದಾಯ ಹಂಚಿಕೊಂಡು ನಡೆಸುತ್ತಾರೆ. ನಮ್ಮೂರಿನ ಎಷ್ಟೋ 'ಕೇಬಲ್‌ನವರು' ಇಂಟರ್ನೆಟ್‌ನವರಾದದ್ದು ಹೀಗೆಯೇ.

◆ ಭಾರತದಲ್ಲಿ ಸರ್ಕಾರಿ ಸಂಸ್ಥೆ ವಿಎಸ್‌ಎನ್‌ಎಲ್ 1995ರ ಆಗಸ್ಟ್ 15ರಂದು ಜನಸಾಮಾನ್ಯರಿಗೆ ಇಂಟರ್ನೆಟ್ ಕೊಟ್ಟಿತು. ಖಾಸಗಿಯವರಿಗೆ ಅವಕಾಶ ಸಿಗಲು 1998ರ ನವೆಂಬರ್‌ವರೆಗೆ ಕಾಯಬೇಕಾಯಿತು. ಅತ್ತ ಅಮೆರಿಕದ ವಯೋಮಿಂಗ್ ರಾಜ್ಯದ ಲ್ಯಾರಮಿ ಪಟ್ಟಣದಲ್ಲಿ 1992ರಲ್ಲೇ ಸಹಕಾರಿ ರೂಪದಲ್ಲಿ ಹುಟ್ಟಿದ ಲೇರಿಯಟ್, ಜಗತ್ತಿನ ಮೊದಲ ವೈರ್‌ಲೆಸ್ ಇಂಟರ್ನೆಟ್ ಸಂಸ್ಥೆ ತಾನೇ ಎಂದು ಹೇಳಿಕೊಳ್ಳುತ್ತದೆ.

◆ 'ಇಲ್ಲಿ ನಿಂತರೆ ಟವರ್ ಕಾಣ್ತದಲ್ಲ, ಮತ್ಯಾಕೆ ಸಿಗ್ನಲ್ ಬರಲ್ಲ?' ಗಿರಾಕಿಗಳು ತಪ್ಪದೆ ಕೇಳುವ ಪ್ರಶ್ನೆ. ಕಣ್ಣಿಗೆ ಕಂಡರೆ ಸಾಲದು ಎಂಬುದೇ ಉತ್ತರ. ರೇಡಿಯೊ ಅಲೆ ದಾರದ ಹಾಗೆ ಹೋಗುವುದಿಲ್ಲ, ನಡುವೆ ಉಬ್ಬಿಕೊಂಡು ಹೋಗುತ್ತದೆ. ಆ ಉಬ್ಬಿಗೆ ಫ್ರೆನೆಲ್ ವಲಯ ಎಂದು ಹೆಸರು. 5.8 ಗಿಗಾಹರ್ಟ್ಸ್‌ನಲ್ಲಿ 10 ಕಿ.ಮೀ. ದೂರದ ಸಂಪರ್ಕವಾದರೆ, ಸರಿಯಾಗಿ ಮಧ್ಯದಲ್ಲಿ ಅದರ ತ್ರಿಜ್ಯ ಸುಮಾರು 11 ಮೀಟರ್. ಅದರ ಶೇ. 60ರಷ್ಟಾದರೂ ಖಾಲಿ ಇರಬೇಕು, ಅಂದರೆ ದೃಷ್ಟಿರೇಖೆಯ ಕೆಳಗೆ ಏಳು ಮೀಟರ್ ತನಕ ಏನೂ ಅಡ್ಡ ಬರಬಾರದು. ಮಲೆನಾಡಿನಲ್ಲಿ ಈ ಲೆಕ್ಕ ತಪ್ಪಿಸುವುದು ಅಡಿಕೆ ತೋಟ. ಸಸಿ ನೆಟ್ಟಾಗ ನೇರವಾಗಿದ್ದ ದಾರಿಯಲ್ಲಿ ಕೆಲವು ವರ್ಷಗಳಿಗೆ ಸುಳಿಗಳು ತಲೆ ಎತ್ತುತ್ತವೆ. ಬೇಸಿಗೆಯಲ್ಲಿ ಹೇಗೋ ನುಸುಳಿಕೊಂಡು ಬರುತ್ತಿದ್ದ ಸಿಗ್ನಲ್, ಮಳೆಗಾಲದಲ್ಲಿ ಎಲೆ ನೆನೆದು ಭಾರವಾದೊಡನೆ ಕುಸಿಯುತ್ತದೆ. ಎಲೆಯೊಳಗಿನ ಮತ್ತು ಮೇಲಿನ ನೀರು ಅಲೆಯನ್ನು ಕುಡಿದುಬಿಡುತ್ತದೆ. ಮರ ಕಡಿಯಿರಿ ಎನ್ನುವಂತಿಲ್ಲ, ಕಂಬವನ್ನೇ ಎತ್ತರಿಸಬೇಕು. ಹಾಗಾಗಿ ಈ ವ್ಯವಹಾರದಲ್ಲಿ ಎಷ್ಟೋ ಸಲ ರೇಡಿಯೊಗಿಂತ ಅದು ಕೂರುವ ಕಬ್ಬಿಣಕ್ಕೇ ಹೆಚ್ಚು ಖರ್ಚು.

◆ ಎತ್ತರದ ಮನೆಯವರು ಅದೃಷ್ಟವಂತರು. 'ನಿಮ್ಮ ತಾರಸಿಯಲ್ಲಿ ಒಂದು ಕಂಬ ನೆಡುತ್ತೇವೆ, ನಿಮಗೆ ನೆಟ್ ಫ್ರೀ' ಎಂಬ ಒಪ್ಪಂದ ಅಮೆರಿಕದ ಹೊಲಮನೆಗಳಿಂದ ನಮ್ಮ ಹಳ್ಳಿಗಳ ತನಕ ಎಲ್ಲ ಕಡೆ ಚಾಲ್ತಿಯಲ್ಲಿದೆ. ಆ ಮನೆಯವರು ಬೀಗ ಹಾಕಿಕೊಂಡು ಮದುವೆಗೆ ಹೋದ ದಿನವೇ ಸ್ವಿಚ್ ಟ್ರಿಪ್ ಆಗುತ್ತದೆ ಎಂಬುದು ಒಪ್ಪಂದದಲ್ಲಿ ಬರೆದಿರುವುದಿಲ್ಲ.

◆ ಭೂಮಿ ಗುಂಡಗಿದೆ ಎಂಬುದು ಈ ಜನಕ್ಕೆ ದಿನನಿತ್ಯದ ತಲೆನೋವು. 30 ಕಿ.ಮೀ. ಸಂಪರ್ಕದ ಮಧ್ಯಭಾಗದಲ್ಲಿ ನೆಲ ಸುಮಾರು 18 ಮೀಟರ್ ಉಬ್ಬಿ ಅಡ್ಡ ನಿಂತಿರುತ್ತದೆ.

◆ ಹಾಗಿದ್ದರೂ 2007ರಲ್ಲಿ ವೆನೆಜುವೆಲಾದ ಎರಡು ಬೆಟ್ಟಗಳ ನಡುವೆ ಎರ್ಮಾನೊ ಪಿಯೆಟ್ರೊಸೆಮೊಲಿ ತಂಡ ಸಾಧಾರಣ ವೈಫೈ ಉಪಕರಣದಲ್ಲೇ 382 ಕಿ.ಮೀ. ದೂರ ಡೇಟಾ ದಾಟಿಸಿತು. ಬೆಂಗಳೂರಿನಿಂದ ಮಂಗಳೂರಿಗಿರುವ ರಸ್ತೆ ಇದಕ್ಕಿಂತ ಚಿಕ್ಕದು. ಒಂದು ತುದಿಯಲ್ಲಿದ್ದದ್ದು 4 ಸಾವಿರ ಮೀಟರ್ ಮೀರಿದ ಆಂಡಿಸ್ ಶಿಖರ. ಎತ್ತರ ಇದ್ದವನಿಗೆ ದೂರದ ಹೆದರಿಕೆಯಿಲ್ಲ.

◆ ದೂರ ಹೆಚ್ಚಿದರೆ ವೈಫೈಗೆ ಕಿವುಡು. ಒಂದು ಪೊಟ್ಟಣ ಕಳಿಸಿದ ಮೇಲೆ 'ಮುಟ್ಟಿತು' ಎಂಬ ಉತ್ತರಕ್ಕೆ ಅದು ಕಾಯುವುದು ಮೈಕ್ರೊಸೆಕೆಂಡುಗಳ ಲೆಕ್ಕದಲ್ಲಿ, ಮನೆಯೊಳಗಿನ ದೂರಕ್ಕೆ ಹೊಂದುವಷ್ಟು. 30 ಕಿ.ಮೀ. ಹೋಗಲು ಬೆಳಕಿಗೇ 100 ಮೈಕ್ರೊಸೆಕೆಂಡ್ ಬೇಕು, ಬರಲು ಮತ್ತೆ ಅಷ್ಟೇ. ಉತ್ತರ ದಾರಿಯಲ್ಲಿರುವಾಗಲೇ 'ಮುಟ್ಟಲಿಲ್ಲ' ಎಂದುಕೊಂಡು ಅದು ಹೇಳಿದ್ದನ್ನೇ ಮತ್ತೆ ಹೇಳತೊಡಗುತ್ತದೆ. ಆದ್ದರಿಂದ ಹೊರಾಂಗಣದ ರೇಡಿಯೊಗಳಲ್ಲಿ ಕಾಯುವ ಹೊತ್ತನ್ನು ಹಿಗ್ಗಿಸಿರುತ್ತಾರೆ, ಇಲ್ಲವೇ ಪ್ರತಿಯೊಬ್ಬರಿಗೂ ಸರದಿ ಗೊತ್ತು ಮಾಡಿರುತ್ತಾರೆ.

◆ ಡಿಶ್ ಹೊಂದಿಸುವುದು ನೋಡಬೇಕಾದ ಕೆಲಸ. ಒಬ್ಬ ಈ ಗುಡ್ಡದಲ್ಲಿ, ಇನ್ನೊಬ್ಬ ಆ ತಾರಸಿಯಲ್ಲಿ, ಇಬ್ಬರ ಕಿವಿಗೂ ಫೋನ್. 'ಅಣ್ಣಾ, ಇನ್ನೊಂಚೂರು ಎಡಕ್ಕೆ... ಬಂತು ಬಂತು... ಅಯ್ಯೋ ಹೋಯ್ತು, ವಾಪಸ್ ಬಾ.' ಒಳ್ಳೆಯ ಡಿಶ್ಶಿನ ಕಿರಣ ಐದಾರು ಡಿಗ್ರಿಯಷ್ಟೇ ಅಗಲ. ಕೈ ಒಂದು ಡಿಗ್ರಿ ಜಾರಿದರೆ 10 ಕಿ.ಮೀ. ಆಚೆ ಅದು 175 ಮೀಟರ್ ತಪ್ಪಿರುತ್ತದೆ. ಅದಕ್ಕಿಂತ ದೊಡ್ಡ ಮೋಸ ಪಕ್ಕದ ಕಿರಣಗಳದ್ದು. ಮುಖ್ಯ ಕಿರಣದ ಅಕ್ಕಪಕ್ಕ ಸಣ್ಣ ಸಣ್ಣ ಕವಲುಗಳಿರುತ್ತವೆ. ಹೊಸಬರು ಆ ಕವಲು ಸಿಕ್ಕ ಕೂಡಲೇ 'ಸಿಕ್ತು' ಎಂದು ಬೋಲ್ಟ್ ಬಿಗಿದು ಇಳಿದುಬಿಡುತ್ತಾರೆ. ಪಳಗಿದವರು ಅದನ್ನು ದಾಟಿ, ಸಿಗ್ನಲ್ ಬಿದ್ದು ಮತ್ತೆ ಏಳುವ ತನಕ ತಿರುಗಿಸಿ, ಎರಡೂ ಬದಿಯ ಇಳಿಜಾರು ಕಂಡ ಮೇಲೆ ನಡುವಿಗೆ ತಂದು ನಿಲ್ಲಿಸುತ್ತಾರೆ. ಸ್ಪ್ಯಾನರ್ ತಿರುಗಿಸುವಾಗ ಡಿಶ್ ಕೂದಲೆಳೆಯಷ್ಟು ಓಡುವುದರಿಂದ, ಬಿಗಿಯುವಾಗಲೂ ಕಣ್ಣು ಮೀಟರಿನ ಮೇಲೇ.

◆ ಆ ಮೀಟರಿನಲ್ಲಿ ಮೈನಸ್ 60 ಡಿಬಿಎಂ ಕಂಡರೆ ಸಂತೋಷಪಡುತ್ತಾರೆ. ಹಾಗೆಂದರೆ ಒಂದು ವಾಟ್‌ನ ನೂರು ಕೋಟಿಯಲ್ಲಿ ಒಂದು ಪಾಲು. ಸಿನಿಮಾ, ವಿಡಿಯೊ ಕಾಲ್, ಮಕ್ಕಳ ಆನ್‌ಲೈನ್ ಪಾಠ ಎಲ್ಲವೂ ಅಷ್ಟರಲ್ಲೇ ಬರಬೇಕು.

◆ ದೂರ ಇಮ್ಮಡಿಯಾದರೆ ಸಿಗ್ನಲ್ ಅರ್ಧವಾಗುವುದಿಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ.

◆ ಈ ವ್ಯಾಪಾರದಲ್ಲಿ ಮಾರುವುದು ವೇಗ, ಆದರೆ ಉಗ್ರಾಣದಲ್ಲಿ ಇರುವುದು ಸಮಯ. ಒಂದು ಆಂಟೆನಾ ಒಂದು ಹೊತ್ತಿಗೆ ಒಬ್ಬನ ಜೊತೆ ಮಾತ್ರ ಮಾತಾಡುವ ಸಾಧಾರಣ ಏರ್ಪಾಡನ್ನೇ ನೋಡಿ. ಹತ್ತಿರದ, ಸ್ಪಷ್ಟ ಸಿಗ್ನಲ್ ಇರುವ ಮನೆ ತನ್ನ ಡೇಟಾವನ್ನು ಕ್ಷಣದಲ್ಲಿ ಹೀರಿಕೊಂಡು ಜಾಗ ಬಿಡುತ್ತದೆ. ಮರದ ಹಿಂದಿನ ದುರ್ಬಲ ಮನೆ ಅಷ್ಟೇ ಡೇಟಾಕ್ಕೆ ಹತ್ತು ಪಟ್ಟು ಹೊತ್ತು ಹಿಡಿದಿಟ್ಟುಕೊಳ್ಳುತ್ತದೆ, ಅಷ್ಟು ಹೊತ್ತು ಉಳಿದವರೆಲ್ಲ ಕಾಯಬೇಕು. ಒಬ್ಬ ನಿಧಾನಸ್ಥ ಎಲ್ಲರನ್ನೂ ತನ್ನ ವೇಗಕ್ಕೆ ಎಳೆಯುವ ಈ ವಿಚಿತ್ರವನ್ನು 2003ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನ ಸಂಶೋಧಕರು ಲೆಕ್ಕ ಸಮೇತ ತೋರಿಸಿದರು. ಹಾಗಾಗಿ 'ಪಾಪ, ದೂರದಲ್ಲಿದ್ದಾರೆ, ಹೇಗಾದರೂ ಒಂದು ಕನೆಕ್ಷನ್ ಕೊಡೋಣ' ಎಂಬ ಕರುಣೆ ಈ ಕಸುಬಿಗೆ ದುಬಾರಿ. ನನ್ನ ಮಟ್ಟಿಗೆ, ಅನುಭವಸ್ಥ ಆಪರೇಟರನ ಗುರುತು ಅವನು ಕೊಟ್ಟ ಕನೆಕ್ಷನ್‌ಗಳಲ್ಲಿಲ್ಲ, 'ಆಗಲ್ಲ ಸಾರ್' ಎಂದು ವಾಪಸ್ ಬಂದ ಮನೆಗಳಲ್ಲಿದೆ.

◆ 100 ಎಂಬಿಪಿಎಸ್ ತಂದು 100 ಎಂಬಿಪಿಎಸ್ ಮಾರುವವರು ಯಾರೂ ಇಲ್ಲ. ಎಲ್ಲರೂ ಒಟ್ಟಿಗೆ ಬಳಸುವುದಿಲ್ಲ ಎಂಬ ನಂಬಿಕೆಯ ಮೇಲೇ ಇಡೀ ಉದ್ಯಮ ನಿಂತಿದೆ. ಮನೆಗಳಿಗಾದರೆ ಒಂದೇ ಪಾಲನ್ನು 50 ಜನಕ್ಕಿಂತ, ವ್ಯಾಪಾರದವರಿಗಾದರೆ 30 ಜನಕ್ಕಿಂತ ಹೆಚ್ಚಿಗೆ ಹಂಚಬಾರದು ಎಂದು ಭಾರತದ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ 2009ರಲ್ಲಿ ಸೂಚಿಸಿತ್ತು. ಐಪಿಎಲ್ ರಾತ್ರಿಗಳಲ್ಲಿ ಈ ನಂಬಿಕೆಯ ಪರೀಕ್ಷೆ ನಡೆಯುತ್ತದೆ.

◆ 2004ರಲ್ಲಿ 256 ಕೆಬಿಪಿಎಸ್ ಇದ್ದರೆ ಭಾರತ ಸರ್ಕಾರದ ಲೆಕ್ಕದಲ್ಲಿ ಬ್ರಾಡ್‌ಬ್ಯಾಂಡ್. 2013ರಲ್ಲಿ 512. ಈಗ, ಅಂದರೆ 2023ರಿಂದ, 2 ಎಂಬಿಪಿಎಸ್.

◆ ತಿಂಗಳಿಗೆ 36 ಗಂಟೆ ಉಚಿತ! ದೊಡ್ಡ ಕಂಪನಿಗಳಿಂದ ಸಗಟು ಬ್ಯಾಂಡ್‌ವಿಡ್ತ್ ಕೊಳ್ಳುವಾಗ ಒಂದು ಹಳೆಯ ಪದ್ಧತಿಯಿದೆ. ಐದೈದು ನಿಮಿಷಕ್ಕೆ ಬಳಕೆ ಅಳೆದು, ತಿಂಗಳ ಕೊನೆಗೆ ಅತಿ ಎತ್ತರದ ಶೇ. 5ರಷ್ಟು ಅಳತೆಗಳನ್ನು ಬಿಟ್ಟು, ಉಳಿದದ್ದರಲ್ಲಿ ಹೆಚ್ಚಿನದಕ್ಕೆ ಬಿಲ್ ಹಾಕುವುದು. 720 ಗಂಟೆಯಲ್ಲಿ ಶೇ. 5 ಅಂದರೆ 36. ಒಂದು ದೊಡ್ಡ ಕ್ರಿಕೆಟ್ ಪಂದ್ಯ ಅದರಲ್ಲಿ ಸುಖವಾಗಿ ಅಡಗಿಕೊಳ್ಳುತ್ತದೆ. ದಿನವೂ ರಾತ್ರಿ ಎಂಟರಿಂದ ಹನ್ನೊಂದು ಜನ ಸಿನಿಮಾ ನೋಡಿದರೆ ಅಡಗುವುದಿಲ್ಲ, ಅದು ತಿಂಗಳಿಗೆ 90 ಗಂಟೆಯಾಯಿತಲ್ಲ.

◆ ನೇಪಾಳದ ಮ್ಯಾಗ್ದಿ ಜಿಲ್ಲೆಯ ನಾಂಗಿ ಎಂಬ ಬೆಟ್ಟದೂರಿಗೆ ಆಗ ರಸ್ತೆ ಇರಲಿಲ್ಲ, ಫೋನ್ ಇರಲಿಲ್ಲ. ಅಮೆರಿಕದ ನೆಬ್ರಾಸ್ಕದಲ್ಲಿ ಓದಿ ಊರಿಗೆ ಮರಳಿದ ಮೇಷ್ಟ್ರು ಮಹಾವೀರ್ ಪುನ್, ಶಾಲೆಗೆ ಹಳೆಯ ಕಂಪ್ಯೂಟರ್ ಭಾಗಗಳನ್ನು ಸೇರಿಸಿ ಮರದ ಪೆಟ್ಟಿಗೆಗಳಲ್ಲಿ ಜೋಡಿಸಿದರು. ಇಂಟರ್ನೆಟ್ ಬೇಕಲ್ಲ? ಆಗ ಮಾವೋವಾದಿಗಳ ಬಂಡಾಯದ ಕಾಲ, ವೈರ್‌ಲೆಸ್ ಉಪಕರಣ ತರಿಸುವುದೇ ನಿಷಿದ್ಧ. ಹೊರದೇಶದ ಸ್ವಯಂಸೇವಕರು ಚೀಲದೊಳಗೆ ಬಚ್ಚಿಟ್ಟುಕೊಂಡು ತಂದರು. ಟಿವಿ ಡಿಶ್‌ಗಳೇ ಆಂಟೆನಾ, ಬೆಟ್ಟದ ತುದಿಯ ಮರಗಳೇ ಟವರ್. ಬೆಟ್ಟದಿಂದ ಬೆಟ್ಟಕ್ಕೆ ಹಾರಿಸಿ ಕೊನೆಗೆ ಪೋಖರಾ ಪಟ್ಟಣಕ್ಕೆ ಸಂಪರ್ಕ ಮುಟ್ಟಿಸಿದರು. ಆಮೇಲೆ ಸುತ್ತಲಿನ ಊರುಗಳೂ ಸೇರಿಕೊಂಡವು. ಒಂದೂರಿನ ಮೇಷ್ಟ್ರು ಇನ್ನೊಂದೂರಿನ ಶಾಲೆಗೆ ಪಾಠ ಮಾಡುವುದು, ಆಸ್ಪತ್ರೆಯ ವೈದ್ಯರು ಪರದೆಯಲ್ಲೇ ರೋಗಿಯನ್ನು ನೋಡುವುದು, ಯಾಕ್ ಮೇಯಿಸುವವರು ಬೆಲೆ ವಿಚಾರಿಸುವುದು ಎಲ್ಲ ಅದರಲ್ಲೇ ನಡೆಯಿತು. ಪುನ್ ಅವರಿಗೆ 2007ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಈ ಕಸುಬಿನ ಚರಿತ್ರೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಅಧ್ಯಾಯ ಇದು.

◆ ತಮಿಳುನಾಡಿನ ತೇನಿಯಲ್ಲಿ ಅರವಿಂದ ಕಣ್ಣಾಸ್ಪತ್ರೆ, ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರ ಜೊತೆಗೂಡಿ ದೂರದ ವೈಫೈಯನ್ನು ಹಳ್ಳಿಗಳ ನೇತ್ರಕೇಂದ್ರಗಳಿಗೆ ಮುಟ್ಟಿಸಿತು. ಹಳ್ಳಿಯಲ್ಲಿ ಕೂತ ರೋಗಿಯ ಜೊತೆ ಪಟ್ಟಣದ ವೈದ್ಯರು ವಿಡಿಯೊದಲ್ಲಿ ಮಾತಾಡಿದರು. ಕೋವಿಡ್ ಕಾಲದಲ್ಲಿ ಎಲ್ಲರೂ ಕಂಡುಕೊಂಡದ್ದನ್ನು ಅವರು ಹದಿನೈದು ವರ್ಷ ಮೊದಲೇ ಮಾಡಿದ್ದರು.

◆ ಕೋತಿಗಳಿಗೆ ಕೇಬಲ್ ಇಷ್ಟ. ಧರ್ಮಶಾಲೆಯಲ್ಲಿ ಟಿಬೆಟನ್ನರ ನಡುವೆ 2005ರ ಸುಮಾರಿಗೆ ವೈರ್‌ಲೆಸ್ ಜಾಲ ಕಟ್ಟಿದವರು (ಮುಂದೆ ಅದೇ ಏರ್‌ಜಲ್ದಿ ಆಯಿತು) ಆಂಟೆನಾಗಳನ್ನು ಅವುಗಳ ಜೋಕಾಲಿಗೂ ತಡೆಯುವಂತೆ ಬಿಗಿಯಬೇಕಾಯಿತು. ಹಾಗೆಂದು ಫೈಬರ್ ಎಳೆದರೆ ಬಚಾವ್ ಎಂದುಕೊಳ್ಳಬೇಡಿ. 2015ರಲ್ಲಿ ವಾರಾಣಸಿಯ ಗಂಗಾತೀರದಲ್ಲಿ ಹಾಕಿದ ಫೈಬರನ್ನು ಕೋತಿಗಳು ಕಚ್ಚಿಹಾಕಿ ಅದು ದೇಶಾಂತರ ಸುದ್ದಿಯಾಗಿತ್ತು. ಕೋತಿ ಇಲ್ಲದ ಕಡೆ ಕಣಜ ಗೂಡು ಕಟ್ಟುತ್ತದೆ, ಇರುವೆ ಪೆಟ್ಟಿಗೆಯೊಳಗೆ ಸಂಸಾರ ಹೂಡುತ್ತದೆ.

◆ ಜೋರು ಮಳೆಗೆ ನೆಟ್ ಹೋಗುವುದು ಮಳೆಯಿಂದಲ್ಲ! 5 ಗಿಗಾಹರ್ಟ್ಸ್ ಅಲೆಗೆ ಮಳೆಹನಿಯ ಪೆಟ್ಟು ಅಷ್ಟಕ್ಕಷ್ಟೇ. ಕೈಕೊಡುವುದು ಕರೆಂಟು, ಒದ್ದೆ ಎಲೆ, ಮತ್ತು ನೀರು ಹೊಕ್ಕ ಕನೆಕ್ಟರ್. ಅದಕ್ಕೇ ಕೇಬಲನ್ನು ಪೆಟ್ಟಿಗೆಗೆ ಸೇರಿಸುವ ಮೊದಲು ಕೆಳಕ್ಕೆ ಒಂದು ಜೋಲು ಬಿಡುತ್ತಾರೆ, ನೀರು ಆ ಜೋಲಿನ ತುದಿಯಿಂದ ತೊಟ್ಟಿಕ್ಕಿ ಹೋಗಲಿ ಎಂದು. 60 ಗಿಗಾಹರ್ಟ್ಸ್‌ನ ಕಥೆ ಬೇರೆ. ಅಲ್ಲಿ ಮಳೆಯಷ್ಟೇ ಅಲ್ಲ, ಗಾಳಿಯಲ್ಲಿರುವ ಆಮ್ಲಜನಕವೇ ಕಿ.ಮೀ.ಗೆ ಸುಮಾರು 15 ಡೆಸಿಬೆಲ್ ನುಂಗುತ್ತದೆ. ಅಂದಹಾಗೆ, ಅಷ್ಟು ಕಿರಿದಾದ ಅಲೆಗಳನ್ನು 1890ರ ದಶಕದಲ್ಲೇ ಕಲ್ಕತ್ತೆಯಲ್ಲಿ ಹುಟ್ಟಿಸಿ ಆಡಿಸಿದವರು ಜಗದೀಶಚಂದ್ರ ಬೋಸ್.

◆ ಏಪ್ರಿಲ್-ಮೇ ತಿಂಗಳ ಮುಂಗಾರುಪೂರ್ವ ಗುಡುಗು ಈ ಕಸುಬಿನ ಆಷಾಢ. ಸಿಡಿಲು ಟವರಿಗೇ ಬಡಿಯಬೇಕೆಂದಿಲ್ಲ, ಆಸುಪಾಸಿನಲ್ಲಿ ಬಿದ್ದರೂ ಉದ್ದನೆಯ ಕೇಬಲ್ಲಿನಲ್ಲಿ ವೋಲ್ಟೇಜ್ ಉಕ್ಕಿ ರೇಡಿಯೊ ಸುಟ್ಟುಹೋಗುತ್ತದೆ. ರೇಡಿಯೊಗೆ ಕರೆಂಟೂ ಡೇಟಾವೂ ಒಂದೇ ಕೇಬಲ್ಲಿನಲ್ಲಿ ಹೋಗುವುದರಿಂದ ಪೆಟ್ಟು ಕೆಳಗಿನ ಸ್ವಿಚ್ಚಿನ ತನಕ ಇಳಿಯುತ್ತದೆ. ಗುಂಡಿ ತೋಡಿ, ಇದ್ದಿಲು-ಉಪ್ಪು ತುಂಬಿ ಮಾಡುವ ಹಳೆಯ ಅರ್ಥಿಂಗ್ ಇವತ್ತಿಗೂ ಕಾಪಾಡುತ್ತಿದೆ, ಬೇಸಿಗೆಯಲ್ಲಿ ಅದಕ್ಕೆ ನೀರು ಹಾಕಲು ನೆನಪಿದ್ದರೆ.

◆ ಟವರ್ ಬಳಿ ಇಡುವ 12 ವೋಲ್ಟಿನ 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಇರುವುದು 1800 ವಾಟ್-ಗಂಟೆ. ಬಾಳಿಕೆ ಬರಲೆಂದು ಅರ್ಧವನ್ನಷ್ಟೇ ಬಳಸಿ, ಮೂರು ರೇಡಿಯೊ, ಒಂದು ರೌಟರ್ ಸೇರಿ 40 ವಾಟ್ ಎಂದಿಟ್ಟುಕೊಂಡರೆ 22 ಗಂಟೆ ಬರುತ್ತದೆ. ಹಳ್ಳಿಯಲ್ಲಿ ಕರೆಂಟ್ ಹೋದರೂ ಟವರ್ ಬದುಕಿರುತ್ತದೆ, ಗಿರಾಕಿಯ ಮನೆಯ ರೌಟರ್ ಸತ್ತಿರುತ್ತದೆ. ಫೋನ್ ಮಾತ್ರ ಬಂದೇ ಬರುತ್ತದೆ: 'ನಿಮ್ಮ ನೆಟ್ ಇಲ್ಲ.'

◆ 5 ಗಿಗಾಹರ್ಟ್ಸ್‌ನ ಕೆಲವು ಚಾನೆಲ್ಲುಗಳಲ್ಲಿ ಹವಾಮಾನ ರೇಡಾರ್ ಕೂಡ ಇದೆ. ಅವುಗಳನ್ನು ಬಳಸುವ ರೇಡಿಯೊ ಮೊದಲು ಕನಿಷ್ಠ ಒಂದು ನಿಮಿಷ ಸುಮ್ಮನೆ ಕಿವಿಗೊಟ್ಟು ಕೇಳಬೇಕು, ರೇಡಾರ್ ಸದ್ದು ಬಂದರೆ 10 ಸೆಕೆಂಡಿನೊಳಗೆ ಜಾಗ ಖಾಲಿ ಮಾಡಬೇಕು. 2009ರಲ್ಲಿ ಪೋರ್ಟೊ ರಿಕೊದ ಸ್ಯಾನ್ ವಾನ್ ವಿಮಾನ ನಿಲ್ದಾಣದ ರೇಡಾರ್ ಪರದೆಯಲ್ಲಿ ಅಡಚಣೆ ಕಾಣಿಸಿಕೊಂಡಾಗ, ಹುಡುಕಿ ನೋಡಿದರೆ ಅದು ಇಂತಹ ಇಂಟರ್ನೆಟ್ ಡಿಶ್‌ಗಳ ಕೈವಾಡ.

◆ ಏಷ್ಯಾ-ಪೆಸಿಫಿಕ್ ಪ್ರದೇಶಕ್ಕೆ ಹಂಚಲು ಇದ್ದ ಹಳೆಯ ಮಾದರಿಯ ಐಪಿ ವಿಳಾಸಗಳು 2011ರ ಏಪ್ರಿಲ್‌ನಲ್ಲೇ ಕೊನೆಯ ಕಂತಿಗೆ ಬಂದವು. ಈಗ ಒಂದೇ ವಿಳಾಸದ ಹಿಂದೆ ಹತ್ತಾರು ಮನೆಗಳು. ಯಾರೋ ಒಬ್ಬ ತಂಟೆ ಮಾಡಿದರೆ ಆ ವಿಳಾಸವೇ ಕಪ್ಪುಪಟ್ಟಿಗೆ ಹೋಗಿ ಉಳಿದವರಿಗೂ ತೊಂದರೆ. ಯಾವ ಹೊತ್ತಿನಲ್ಲಿ ಯಾರು ಬಳಸಿದರು ಎಂಬ ದಾಖಲೆಯನ್ನು ಎರಡು ವರ್ಷ ಇಡಬೇಕೆಂಬ ನಿಯಮ ಭಾರತದಲ್ಲಿ 2021ರ ಕೊನೆಯಲ್ಲಿ ಬಂತು. ಚಿಕ್ಕ ಕಂಪನಿಗೆ ಆ ದಾಖಲೆ ತುಂಬಿಡುವ ಡಿಸ್ಕಿನ ಖರ್ಚೂ ಚಿಕ್ಕದಲ್ಲ.

◆ ಸ್ಪೀಡ್ ಟೆಸ್ಟಿನಲ್ಲಿ ಎಲ್ಲ ಸರಿ, ವಿಡಿಯೊ ಕಾಲ್ ಮಾತ್ರ ತಡವರಿಸುತ್ತದೆ. ಏಕೆ? ಉಪಕರಣಗಳೊಳಗೆ ಡೇಟಾ ಉದ್ದ ಸಾಲಿನಲ್ಲಿ ಕಾಯುತ್ತ ನಿಂತಿರುತ್ತದೆ. ಸಾಲನ್ನು ಚಿಕ್ಕದಾಗಿಡುವ ಲಿಬ್ರೆಕ್ಯೂಒಎಸ್ ಎಂಬ ಮುಕ್ತ ತಂತ್ರಾಂಶ ಹುಟ್ಟಿದ್ದು ದೈತ್ಯ ಕಂಪನಿಯ ಪ್ರಯೋಗಾಲಯದಲ್ಲಲ್ಲ, ಟೆಕ್ಸಾಸ್‌ನ ಎಲ್ ಪಾಸೊದ ಸಣ್ಣ ವೈರ್‌ಲೆಸ್ ಆಪರೇಟರ್ ಒಬ್ಬರ ಕೈಯಲ್ಲಿ.

◆ ಇಂತಹ ಆಪರೇಟರ್‌ಗಳ ಅಚ್ಚುಮೆಚ್ಚಿನ ಮೈಕ್ರೊಟಿಕ್ ರೌಟರ್ ಬರುವುದು ಲಾಟ್ವಿಯಾ ದೇಶದ ರಿಗಾದಿಂದ. ಕಂಪನಿ ಹುಟ್ಟಿದ್ದು 1996ರಲ್ಲಿ.

◆ ದಕ್ಷಿಣ ಆಫ್ರಿಕದ ಮಾಂಕೋಸಿಯಲ್ಲಿ ಹಳ್ಳಿಯವರೇ ಸಹಕಾರ ಸಂಘ ಕಟ್ಟಿ ಜೆನ್‌ಜೆಲೇನಿ ಎಂಬ ಜಾಲ ನಡೆಸುತ್ತಾರೆ. ಆರಂಭದಲ್ಲಿ ಅವರಿಗೆ ಕಾಸು ತಂದದ್ದು ಇಂಟರ್ನೆಟ್ಟಿಗಿಂತ ಸೌರಫಲಕ: ಕರೆಂಟಿಲ್ಲದ ಊರಿನಲ್ಲಿ ಮೊಬೈಲ್ ಚಾರ್ಜ್ ಮಾಡಿಕೊಡುವುದು. ಸ್ಪೇನಿನ ಕ್ಯಾಟಲೋನಿಯಾದಲ್ಲಿ 2004ರಲ್ಲಿ ಶುರುವಾದ ಗೈಫೈ ಜಾಲ ಮೂವತ್ತು ಸಾವಿರಕ್ಕೂ ಹೆಚ್ಚು ಕೇಂದ್ರಗಳಿಗೆ ಬೆಳೆದಿದೆ.

◆ ನಮ್ಮಲ್ಲಿ ತುಮಕೂರು ಬಳಿಯ ದೇವರಾಯನದುರ್ಗದ ಆಸುಪಾಸಿನಲ್ಲಿ ಜನಸ್ತು ಸಂಸ್ಥೆ ಊರಿನವರದ್ದೇ ಆದ ವೈಫೈ ಜಾಲದ ಪ್ರಯೋಗ ನಡೆಸಿದೆ. ಬೆಂಗಳೂರಿನ ಐಟಿ ಭಾಗ್ಯಕ್ಕೂ ಗಾಳಿಯೇ ದಾರಿ: 1990ರ ದಶಕದಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕಿನವರು ಉಪಗ್ರಹದಿಂದ ಇಳಿಸಿಕೊಂಡ ಡೇಟಾವನ್ನು ಊರೊಳಗಿನ ಕಂಪನಿಗಳಿಗೆ ಮುಟ್ಟಿಸಿದ್ದು ತಾರಸಿ ಮೇಲಿನ ಮೈಕ್ರೊವೇವ್ ಡಿಶ್‌ಗಳ ಮೂಲಕ. ಅದಕ್ಕೂ ಮೊದಲು, 1981ರಲ್ಲಿ, ಇಸ್ರೋ ತನ್ನ ಆ್ಯಪಲ್ ಉಪಗ್ರಹವನ್ನು ಎತ್ತಿನ ಗಾಡಿಯ ಮೇಲಿಟ್ಟ ಚಿತ್ರ ನೀವು ನೋಡಿರಬಹುದು. ಬಡತನಕ್ಕಲ್ಲ, ಆಂಟೆನಾ ಪರೀಕ್ಷೆಗೆ ಲೋಹದ ಲಾರಿ ಅಡ್ಡಿಯಾಗುತ್ತದೆ ಎಂದು.

◆ ಫೈಬರ್‌ಗಿಂತ ಗಾಳಿ ಬೇಗ. ಗಾಜಿನೊಳಗೆ ಬೆಳಕು ಮೂರರಲ್ಲಿ ಎರಡು ಪಾಲು ವೇಗಕ್ಕೆ ಇಳಿಯುತ್ತದೆ. ಅದಕ್ಕೇ ಷಿಕಾಗೊ ಮತ್ತು ನ್ಯೂಯಾರ್ಕ್ ಬಳಿಯ ಷೇರುಪೇಟೆಗಳ ನಡುವೆ ವ್ಯಾಪಾರಿಗಳು ಸಾಲುಸಾಲು ಮೈಕ್ರೊವೇವ್ ಟವರ್ ನಿಲ್ಲಿಸಿಕೊಂಡು ಕೆಲವು ಮಿಲಿಸೆಕೆಂಡ್ ಉಳಿಸುತ್ತಾರೆ.

◆ ಭಾರತದಲ್ಲಿ ಕಂತುಕಂತಾಗಿ ತೆರೆದ ಆ ಉಚಿತ ತರಂಗಪಟ್ಟಿಗೆ ಈಗ ದೊಡ್ಡವರೂ ಬಂದಿದ್ದಾರೆ. 2023ರ ಸೆಪ್ಟೆಂಬರ್‌ನಲ್ಲಿ ಬಂದ ಜಿಯೊ ಏರ್‌ಫೈಬರ್ ಬಹಳಷ್ಟು ಮನೆಗಳಿಗೆ 5ಜಿ ಬದಲು ಲೈಸೆನ್ಸ್ ಬೇಡದ ರೇಡಿಯೊದಲ್ಲೇ ಸಂಪರ್ಕ ಕೊಡುತ್ತಿದೆ. 2025ರಲ್ಲಿ ಟ್ರಾಯ್ ಅಂಥ ಗಿರಾಕಿಗಳನ್ನು ಬೇರೆಯಾಗಿ ಎಣಿಸಲು ಶುರುಮಾಡಿತು. ಸಣ್ಣ ಆಪರೇಟರ್‌ಗಳು ಚಾನೆಲ್ ಸ್ಕ್ಯಾನ್ ಮಾಡಿದಾಗ ಮೊದಲು ಖಾಲಿ ಕಾಣುತ್ತಿದ್ದ ಜಾಗಗಳಲ್ಲಿ ಈಗ ಹೊಸ ಹೆಸರುಗಳು ಕಾಣಿಸುತ್ತಿವೆ, ಮತ್ತು ದೂರು ಕೊಡಲು ಅಧಿಸೂಚನೆಯಲ್ಲಿ ಅವಕಾಶವಿಲ್ಲ.